ಬೆಕ್ಕಿನ ಪಥ್ಯ

ಕಡಲ ತೀರದ ವಿಳಿಂಜದ ಫಿಲೋಮಿನಾ ಮೂವತ್ತು ವರ್ಷದಿಂದ ಮೀನು ಮಾರುತ್ತಿದ್ದಾಳೆ. ನಗರದ ಪಟ್ಟಂ ಬಡಾವಣೆಯ ಹೆಡ್‌ಕ್ಲಾರ್ಕ್ ಯಜ್ಞನಾರಾಯಣ ಭಟ್ಟರಂಥ ಗಿರಾಕಿಯನ್ನು ಮಾತ್ರ ಕಂಡಿರಲಿಲ್ಲ. ಕಾಸರಗೋಡಿನ ಈ ಬ್ರಾಹ್ಮಣರು ಮೀನು ಮುಟ್ಟಿದವರಲ್ಲ, ಬೆಕ್ಕನ್ನೂ ಮೊಸರನ್ನ ಹಾಕಿಯೇ ಸಾಕಿದವರು. ಅರವತ್ತೆಂಟನೇ ಇಸವಿಯಲ್ಲಿ ಅದರ ಕಣ್ಣು ಮಂಜಾದಾಗ ದನದ ಡಾಕ್ಟರು, ಬರೀ ಮೊಸರನ್ನದಿಂದಲೇ ಹೀಗಾದದ್ದೆಂದು ಬೈದು, ಉಪ್ಪಿಲ್ಲದೆ ಬೇಯಿಸಿದ ತಾಜಾ ಮೀನು ಕೊಡಿ ಎಂದರಂತೆ. ಅಂದಿನಿಂದ ಭಟ್ಟರು ದಿನಾ ಬೆಳಿಗ್ಗೆ ಗೇಟಿನಲ್ಲಿ ಹಾಜರು. ಮೂಗಿಗೆ ಪಂಚೆಯ ಅಂಚು ಹಿಡಿದು, ಬುಟ್ಟಿಯ ಮೇಲೆ ಬಗ್ಗಿ, ಜಾತಕ ನೋಡುವವರಂತೆ ಒಂದೊಂದು ಮೀನಿನ ಕಣ್ಣನ್ನೂ ನೋಡುತ್ತಾರೆ. “ಇದು ನಿನ್ನೆಯದ್ದು ಚೇಚೀ, ಬೇಡ,” ಎಂದು ಅಕ್ಕನನ್ನು ಕರೆದಂತೆ ಅವಳ ಮಲಯಾಳದಲ್ಲೇ ಹೇಳುತ್ತಾರೆ; ಒಮ್ಮೆಯೂ ತಪ್ಪಿದ್ದಿಲ್ಲ. ಕಡಲಲ್ಲೇ ಬೆಳೆದ ತನ್ನ ಗಂಡನಿಗೂ ಇಂಥ ಕಣ್ಣಿಲ್ಲವೆಂದು ಫಿಲೋಮಿನಾ ಬೆರಗಾಗುತ್ತಾಳೆ. ಹಿತ್ತಲಿನ ಬೇರೆ ಒಲೆಯಲ್ಲಿ ಬೇಯಿಸಿ, ಮುಳ್ಳು ಬಿಡಿಸಿ, ಬೆಕ್ಕಿಗೆ ಬಡಿಸಿ, ಮತ್ತೊಮ್ಮೆ ಸ್ನಾನ ಮಾಡಿಯೇ ಅವರು ಆಫೀಸಿಗೆ ಹೋಗುವುದು. ಒಂದು ದಿನ ನೀರು ಕೇಳಲು ಹಿತ್ತಲಿಗೆ ಹೋದ ಫಿಲೋಮಿನಾ ನಿಂತಲ್ಲೇ ನಿಂತಳು. ಭಟ್ಟರು ತಟ್ಟೆಯಲ್ಲಿದ್ದ ಮೀನಿಗೆ ಕೈಮುಗಿದು, “ಕ್ಷಮಿಸು ಮಾರಾಯ. ಪಾಪ ನನಗಿರಲಿ, ಬೆಕ್ಕಿಗೆ ಬೇಡ,” ಎನ್ನುತ್ತಿದ್ದರು. ಅವಳಿಗೆ ಕನ್ನಡ ಬಾರದು. ಮುಗಿದ ಕೈ ಮಾತ್ರ ತಿಳಿಯಿತು. ಅಂದಿನಿಂದ ಅವಳು ಬುಟ್ಟಿ ತಲೆಗೇರಿಸುವ ಮೊದಲು ಮೀನಿನ ಮೇಲೆ ಶಿಲುಬೆಯ ಗುರುತು ಮಾಡುತ್ತಾಳೆ.