ಮಾಸ್ತರರು ಹಾಕದ ಸಹಿ

ಪಾಲಿಶ್ ವಾಸನೆ ಒಮ್ಮೆ ಕೈಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಹೋದ ವಾರ ಅಂಗಡಿಯ ಮೂಲೆ ಗುಡಿಸುವಾಗ ಪಾಲಿಶ್‌ಗೆ ಬಳಸುವ ಅರಗಿನ ಡಬ್ಬಿ ಎತ್ತಿದೆ. ಅದರ ಬುಡದಲ್ಲಿ ನೀಲಿ ರಟ್ಟಿನ ಒಂದು ಪುಸ್ತಕ. ಮೇಲೆ ಡಬ್ಬಿಯ ದುಂಡು ಕಲೆ, ಒಳಗೆಲ್ಲ ಇರಾನಿನ ಫಾರ್ಸಿ ಭಾಷೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಅದರಲ್ಲಿ ಒಂದಕ್ಷರ ಓದಲಾರೆ. ಆದರೆ ಆ ವಾಸನೆಗೆ ಮಾಸ್ತರರು ಬಂದು ಎದುರಿಗೆ ಕೂತಂತಾಯಿತು...

ಅವರು ವಿಜಾಪುರದ ಕಡೆಯವರು. ಕಾಲೇಜಿನಲ್ಲಿ ಫಾರ್ಸಿ ಕಲಿಸಿ ನಿವೃತ್ತರಾದವರು. ಕಣ್ಣು ತೋರಿಸಲೆಂದು ಮಿರಜಿಗೆ ಬಂದವರು ಆಸ್ಪತ್ರೆ ಹತ್ತಿರವಿರಲಿ ಎಂದು ನಮ್ಮ ಗಲ್ಲಿಯಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದರು. ಗಲ್ಲಿ ತುಂಬ ಮರಾಠಿ, ಉರ್ದು. ಕನ್ನಡ ಮಾತಾಡುವವರು ಅಂಗಡಿ ನಡೆಸುವ ನನ್ನ ಕಾಕಾ ಮತ್ತು ನಾನು. ಅದಕ್ಕೇ ಮಧ್ಯಾಹ್ನವಾದರೆ ನಮ್ಮ ಸಿತಾರಿನ ಅಂಗಡಿಗೆ ಬಂದು ಕೂಡುತ್ತಿದ್ದರು. ಮಾತು ಕಡಿಮೆ, ನೋಡುವುದು ಹೆಚ್ಚು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಸಿತಾರಿನ ಹೊಟ್ಟೆ ಆಗುವುದು ಒಣಗಿದ ಭೋಪಳಾ, ಅಂದರೆ ದೊಡ್ಡ ಸೋರೆಬುರುಡೆ. ಅದರ ಮೇಲೆ ಹಲಗೆ ಮುಚ್ಚುವ ಮೊದಲು ಕಟ್ಟಿದವನು ಒಳಗೆ ಪೆನ್ಸಿಲಿನಿಂದ ಸಹಿ ಹಾಕುತ್ತಾನೆ. ಆ ಸಹಿ ಗಿರಾಕಿಗೆ ಕಾಣುವುದಿಲ್ಲ. ಭೋಪಳಾ ಸೀಳಿದ್ದರೆ ಸಹಿ ಹಾಕುವುದಿಲ್ಲ, ಆ ಮಾಲು ಹೊರಗೆ ಹೋಗುವುದಿಲ್ಲ. ಮಾಸ್ತರರಿಗೆ ಇದು ಬಹಳ ಸೇರಿತ್ತು.

ಒಂದು ಸಲ ಯಾರೋ ಈ ನೀಲಿ ಪುಸ್ತಕ ತಂದರು. ಇರಾನಿನ ವಿದ್ವಾಂಸರ ಪತ್ರಿಕೆಯಂತೆ. ಅದರಲ್ಲಿ ನಮ್ಮ ಗಲ್ಲಿಯ ಮೇಲೆ ಒಂದು ಲೇಖನ. ನಮ್ಮ ಹಿರಿಯರು ಇರಾನಿನಿಂದಲೇ ಈ ಕಸಬು ಹೊತ್ತು ತಂದವರು ಎಂದು ಬರೆದಿತ್ತು. ಗಲ್ಲಿ ಕುಣಿಯಿತು. ಮುಂಬೈಯ ಒಂದು ದೊಡ್ಡ ಪ್ರದರ್ಶನದವರು, ಪತ್ರಿಕೆ ನಂಬುವಂಥದ್ದು ಎಂದು ಫಾರ್ಸಿ ಬಲ್ಲವರೊಬ್ಬರು ಬರೆದುಕೊಟ್ಟರೆ ನಿಮಗೆ ಜಾಗ ಕೊಡುತ್ತೇವೆ ಎಂದರು. ಕಾಕಾನಿಗೆ ಚಿಂತೆಯೇ ಇರಲಿಲ್ಲ. ಫಾರ್ಸಿ ಬಲ್ಲವರು ಅಂಗಡಿಯಲ್ಲೇ ಕೂತಿದ್ದರು. ಮೇಲಾಗಿ ಮಾಸ್ತರರು ಜೀವಮಾನದಲ್ಲಿ ಅಚ್ಚು ಹಾಕಿಸಿದ್ದು ಒಂದೇ ಲೇಖನ, ಅದೂ ಇದೇ ಪತ್ರಿಕೆಯಲ್ಲಿ. ಆ ಹಳೆಯ ಸಂಚಿಕೆಯನ್ನು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು.

ಮಾಸ್ತರರು ಮಾತ್ರ ಪರೀಕ್ಷೆಗೆ ಕೂತರು. ಭೂತಗನ್ನಡಿ ಹಿಡಿದು ಲೇಖನದ ಕೆಳಗಿನ ಟಿಪ್ಪಣಿ ಒಂದೊಂದೇ ನೋಡಿದರು. ಅದರಲ್ಲಿ ಹೇಳಿದ ಒಂದು ಹಳೆಯ ಪುಸ್ತಕ ಅವರ ಬಳಿಯೇ ಇತ್ತು. ತೆಗೆದರೆ ಆ ಪುಟದಲ್ಲಿ ಕಾಲುವೆಯ ವಿಚಾರ, ಸಿತಾರಿನ ಸುದ್ದಿಯೇ ಇಲ್ಲ. ಸಂಪಾದಕ ಮಂಡಳಿಯಲ್ಲಿ ಹೆಸರಿದ್ದ ಒಬ್ಬ ಪ್ರೊಫೆಸರರಿಗೆ ನನ್ನ ಫೋನಿನಿಂದ ಬರೆದರು. ಉತ್ತರ ಬಂತು: ನಾನು ಆ ಮಂಡಳಿಯಲ್ಲಿ ಇಲ್ಲ, ಕೇಳದೆ ನನ್ನ ಹೆಸರು ಹಾಕಿದ್ದಾರೆ.

"ಇಲ್ನೋಡೊ ತಮ್ಮಾ," ಎಂದು ಬೆರಳಿಟ್ಟು ತೋರಿಸಿದರು. "ಲೇಖನ ಬಂದ ತಾರೀಖು, ಒಪ್ಪಿದ ತಾರೀಖು. ಎಲ್ಲಾನೂ ಒಂದ ವಾರದಾಗ ಪಾಸು. ಇಬ್ಬರು ಬ್ಯಾರೆ ಪಂಡಿತರು ಓದಬೇಕು, ತಪ್ಪ ಹಿಡೀಬೇಕು. ವಾರದಾಗ ಹ್ಯಾಂಗ ಆಕ್ಕೈತಿ?"

"ನಮ್ಮ ಪಾಲಿಶ್ ಒಣಗಾಕ ಅದಕ್ಕಿಂತ ಹೆಚ್ಚ ಬೇಕ್ರಿ," ಎಂದೆ.

ನಕ್ಕರು. ಆಮೇಲೆ ನಗು ನಿಂತಿತು. "ನಂದು ಎರಡ ಸಲ ಹೊಳ್ಳಿ ಕಳಿಸಿದ್ರು, ತಪ್ಪ ತೋರ್ಸಿ. ಆಗ ಛಲೋ ಮಂದಿ ಇದ್ರು. ಈಗ ಪತ್ರಿಕೆ ನಡಸೂ ಕೈ ಬದಲಾಗ್ಯಾವು..."

ಮರುದಿನ ಕಾಕಾ ಕಾಗದ, ಪೆನ್ನು ಮುಂದಿಟ್ಟ.

"ನಾ ಬರದು ಕೊಡಂಗಿಲ್ಲ," ಎಂದರು ಮಾಸ್ತರರು. "ಈ ಪತ್ರಿಕೆ ಈಗ ನಂಬೂ ಹಂಗ ಉಳಿದಿಲ್ಲ."

"ನಿಮ್ಮ ಲೇಖನಾನೂ ಇದರಾಗ ಬಂದೈತಿ. ಇದು ಕೆಟ್ಟದ್ದಂದ್ರ ನಾಳೆ ನಿಮ್ಮದ್ಯಾರು ನಂಬ್ತಾರು?"

"ನಂಬದಿದ್ರ ಬಿಡ್ಲಿ."

"ಇಷ್ಟ ದಿನಾ ನಮ್ಮ ಚಾ ಕುಡಿದು ನಮಗ ತಿರಗಿ ನಿಂತ್ರಿ?"

"ಚಾ ಕುಡದೇನಿ, ಛಲೋ ಇತ್ತು," ಎಂದರು. "ಸೀಳಿದ ಭೋಪಳಾದಾಗ ನೀವು ಸಹಿ ಹಾಕ್ತೀರೇನು?"

ಕಾಕಾ ಕಾಗದ, ಪೆನ್ನು ಎತ್ತಿಕೊಂಡ. ಮರುದಿನ ಮಾಸ್ತರರು ಕೂಡುವ ಜಾಗದಲ್ಲಿ ಭೋಪಳಾ ಒಟ್ಟಿದ್ದ. ಅವರು ಬಾಗಿಲತನಕ ಬಂದರು, ನೋಡಿದರು, ಹೊಳ್ಳಿ ಹೋದರು. ಊರಲ್ಲಿ ಅವರಿಗೆ ಇದ್ದದ್ದು ಅದೊಂದೇ ಜಾಗ. ನನಗೆ ತಲೆ ಕೆಟ್ಟಿತು. ಮನೆಗೆ ಹೋಗಿ ಒಂದು ಕುರ್ಚಿ ತಂದು ಅಂಗಡಿಯ ಮುಂದೆ ಇಟ್ಟೆ, ಖೋಲಿಗೆ ಹೋಗಿ ಅವರನ್ನು ಕರೆತಂದು ಕೂಡಿಸಿದೆ.

"ಅಂಗಡಿ ನಂದೈತಿ," ಎಂದ ಕಾಕಾ.

"ಕುರ್ಚಿ ನಂದೈತಿ," ಎಂದೆ.

ಗಲ್ಲಿಯವರು ಬೇರೆ ಯಾರನ್ನೋ ಹಿಡಿದು ಸಹಿ ಹಾಕಿಸಿದರು, ಪ್ರದರ್ಶನಕ್ಕೂ ಹೋಗಿಬಂದರು. ಇರಾನಿನ ಕಥೆ ಬರೆದ ದೊಡ್ಡ ಬೋರ್ಡು ಗಲ್ಲಿಯ ಬಾಯಿಗೆ ನಿಂತಿತು. ದಾರಿಯಲ್ಲಿ ಹೋಗುವವರು ಉರ್ದುವಿನಲ್ಲಿ ಕೆಣಕುತ್ತಿದ್ದರು: "ಏನ್ರಿ ಪಂಡಿತರ, ಹೊರಗ ಹಾಕ್ಯಾರಲ್ಲ?" "ಒಳಗ ಸೆಕೆ ಭಾಳ ಐತ್ರಿ," ಎಂದು ಮಾಸ್ತರರು ಚಾ ಕುಡಿಯುತ್ತಿದ್ದರು. ಆ ನೀಲಿ ಸಂಚಿಕೆಯನ್ನು ನನ್ನ ಕೈಗೆ ಕೊಟ್ಟವರೂ ಅವರೇ. "ಡಬ್ಬಿ ಬುಡಕ ಇಡು. ಅಷ್ಟಕ್ಕರ ಉಪಯೋಗ ಆಗಲಿ."

ಹೋದ ಚಳಿಗಾಲ ಅವರು ತೀರಿಕೊಂಡರು. ಊರಿನಿಂದ ಬಂದ ಸಂಬಂಧಿಕರು ಟ್ರಂಕು ಒಯ್ದರು. ಅರಿವೆಯಲ್ಲಿ ಸುತ್ತಿದ ಆ ಹಳೆಯ ಸಂಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೇಳಿ ಇಸಿದುಕೊಳ್ಳಬೇಕಿತ್ತು, ಹೊಳೆಯಲಿಲ್ಲ. ಒಳ್ಳೆಯದು ಹೋಯಿತು, ಕೆಟ್ಟದ್ದು ನನ್ನ ಬಳಿ ಉಳಿಯಿತು...

ಅವರು ಗಲ್ಲಿಯ ಹೆಸರು ಕೆಡಿಸಿದರು ಎಂದು ಇಂದಿಗೂ ಅನ್ನುವವರಿದ್ದಾರೆ. ಅನ್ನಲಿ. ನಮ್ಮ ಸಿತಾರ ಛಲೋ ನುಡಿಯುತ್ತದೆ. ಅದಕ್ಕೆ ಇರಾನಿನ ಅಪ್ಪ ಬೇಕಾಗಿಲ್ಲ.

ನೀಲಿ ಪುಸ್ತಕವನ್ನು ಮತ್ತೆ ಡಬ್ಬಿಯ ಬುಡಕ್ಕೇ ಇಟ್ಟೆ. ಮೊನ್ನೆ ಹುಬ್ಬಳ್ಳಿಯ ಒಬ್ಬ ಗಿರಾಕಿ ಬೋರ್ಡು ಓದಿಕೊಂಡು ಬಂದು, "ಇದು ಖರೇ ಏನ್ರಿ?" ಎಂದು ಕೇಳಿದ. ಕಾಕಾ ನನ್ನ ಕಡೆ ನೋಡಿದ.

"ಸುಳ್ಳ ಐತ್ರಿ," ಎಂದೆ.

ಗಿರಾಕಿ ಹೊರಗಿನ ಕುರ್ಚಿ ಎಳೆದುಕೊಳ್ಳಲು ಹೋದ. ಅವನಿಗೆ ಒಳಗೆ, ಮಾಸ್ತರರು ಕೂಡುತ್ತಿದ್ದಲ್ಲಿ ಒಟ್ಟಿದ್ದ ಭೋಪಳಾ ಸರಿಸಿ ಜಾಗ ಮಾಡಿಕೊಟ್ಟೆ.