ಚಿಗವ್ವ ಓದಿದ ಪುಸ್ತಕ

ನನ್ನ ಅಕ್ಕನಿಗೆ ಮೂರು ಸಲ ಬಸಿರು ನಿಂತು ಮೂರೂ ಸಲ ಇಳಿದುಹೋಯಿತು. ಇನ್ನೊಮ್ಮೆ ಬೇಡ ಅಂದರು ಡಾಕ್ಟರು. ಅದೇ ವರ್ಷ ನನಗೆ ಎರಡನೆಯ ಕೂಸು ಹುಟ್ಟಿತು, ಹೆಣ್ಣು. ಹೆರಿಗೆಯಾದ ಮೇಲೆ ನನಗೆ ಬಂದ ಜ್ವರ ತಿಂಗಳುಗಟ್ಟಲೆ ಬಿಡಲಿಲ್ಲ. ಕೂಸಿಗೆ ಎರೆದು, ಹಾಲು ಕುಡಿಸಿ, ತೊಟ್ಟಿಲು ತೂಗಿದವಳು ಬಾಣಂತನಕ್ಕೆಂದು ಬಂದಿದ್ದ ಅಕ್ಕ. ಅವಳು ತನ್ನೂರು ಕುಂದಗೋಳಕ್ಕೆ ಹೊರಟ ದಿನ ಕೂಸು ಅವಳ ಸೆರಗು ಹಿಡಿದು ಬಿಡಲಿಲ್ಲ.

"ನೀನ ಇಟ್ಕೋ ಅಕ್ಕಾ" ಎಂದುಬಿಟ್ಟೆ.

ಯಾರೂ ನನಗೆ ಒತ್ತಾಯ ಮಾಡಿರಲಿಲ್ಲ. ಇದನ್ನು ಬರೆಯುವುದು ಕಷ್ಟ, ಆದರೆ ನಿಜ. ನನ್ನ ಗಂಡ ಎರಡು ದಿನ ಒಪ್ಪಲಿಲ್ಲ. ಆಮೇಲೆ ದತ್ತಕ ಪತ್ರಕ್ಕೆ ಸಹಿ ಹಾಕಿದರು.

ಮಗಳು ನನ್ನನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ ಬೆಳೆದಳು. ಶಾಲೆಗೆ ಸೂಟಿ ಬಂತೆಂದರೆ ಮಿಶ್ರಿಕೋಟಿಗೆ, ನಮ್ಮ ಮನೆಗೆ ಬರುತ್ತಿದ್ದಳು. ಅವಳಿಗೆ ಎಂಟು ತುಂಬಿದಾಗ ಒಂದು ದಿನ ಅಕ್ಕ ಫೋನ್ ಮಾಡಿದಳು.

"ಸಾಲ್ಯಾಗ ಯಾರೋ ಅಂದಾರ, ನಿಮ್ಮವ್ವ ನಿನ್ನ ಹಡದಿಲ್ಲಂತ. ಬಂದು ನನ್ನ ಮಾರಿ ನೋಡತಾಳ, ಏನೂ ಕೇಳಂಗಿಲ್ಲ. ನೀ ಸಾಲಿ ಕಲಸಾಕಿ, ನಿನ್ನ ಕಡೆ ಮಕ್ಕಳ ಪುಸ್ತಕ ಇರತಾವಲ್ಲ, ಒಂದು ತೊಗೊಂಡು ಬಂದು ಓದಿ ಆಕಿಗೆ ತಿಳಿಸಿ ಹೇಳು. ನನ್ನಿಂದ ಹೇಳಾಕ ಆಗಂಗಿಲ್ಲ."

ಶಾಲೆಯ ಕಪಾಟಿನಲ್ಲಿ ಒಂದು ಚಿತ್ರಪುಸ್ತಕ ಸಿಕ್ಕಿತು. ಕುರಿಯೊಂದು ತನ್ನ ಮರಿಯನ್ನು ಇನ್ನೊಂದು ಕುರಿಯ ಬಳಿ ಬಿಡುತ್ತದೆ, ಆ ಕುರಿ ಅದನ್ನು ಸಾಕುತ್ತದೆ, ಅಷ್ಟೇ ಕತೆ. ಭಾನುವಾರ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಹೋದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಮಗಳು ನನಗೆ ಒತ್ತಿಕೊಂಡು ಕೂತಳು.

ನಾನು ಓದಿದೆ. ಕರಿಮೂತಿಯ ಮರಿ ಹೊಸ ತಾಯಿಯ ಉಣ್ಣೆಯಲ್ಲಿ ಮುಖ ಹುದುಗಿಸಿ ಮಲಗುವಲ್ಲಿಗೆ ಕತೆ ಮುಗಿಯಿತು. ಅವಳು ಪುಟಗಳನ್ನು ಹಿಂದಕ್ಕೆ ತಿರುವುತ್ತ ಮೊದಲ ಚಿತ್ರಕ್ಕೆ ಹೋದಳು.

"ಈ ಕುರಿ ಆಮ್ಯಾಲೆ ಎಲ್ಲಿ ಹೋತು, ಚಿಗವ್ವಾ?"

"ಬಾಜು ಊರಾಗ ಇತ್ತು."

"ಅದಕ್ಕ ಮರಿ ಬ್ಯಾಡಾಗಿತ್ತೇನು?"

"ಬೇಕಾಗಿತ್ತವಾ."

"ಮತ್ತ ಯಾಕ ಕೊಡ್ತು?"

ಅಕ್ಕ ಬಂದು ನಮ್ಮೆದುರು ನೆಲಕ್ಕೆ ಕೂತಳು.

"ನಾ ಭಾಳ ಅಳತಿದ್ದೆ ನೋಡು, ಅದಕ್ಕ ಕೊಟ್ಳು" ಅಂದಳು.

ಕುರಿಗೆ ಯಾರೂ "ಕೊಟ್ಳು" ಎನ್ನುವುದಿಲ್ಲ. ಮಗಳು ಅಕ್ಕನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಪುಸ್ತಕ ಮುಚ್ಚಿ ಎದ್ದುಹೋಗಿ, ಅಷ್ಟು ದೊಡ್ಡ ಹುಡುಗಿ, ಅಕ್ಕನ ತೊಡೆಯ ಮೇಲೆ ಕೂತಳು. "ಅವ್ವಾ, ನಾ ಇಲ್ಲೇ ಇರತೀನಿ" ಅಂದಳು. ಅಕ್ಕ ಅವಳ ತಲೆಗೆ ಗಲ್ಲ ಆನಿಸಿ ಅತ್ತಳು.

ನಾನು ಹೋಗಿದ್ದೇ ಅದಕ್ಕಾಗಿ. ಸಮಾಧಾನವೂ ಆಯಿತು. ಆದರೂ ಬಸ್ಸಿನಲ್ಲಿ ಊರು ಬರುವವರೆಗೆ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ದಸರೆ ಸೂಟಿಗೆ ಅವಳು ಬರಲಿಲ್ಲ. ಬೇಸಿಗೆಗೆ ಬಂದಳು. ಮೊದಲ ದಿನವೇ ಊಟಕ್ಕೆ ಕೂತವಳು ತಲೆ ತಗ್ಗಿಸಿ, "ಚಿಗವ್ವಾ, ಇನ್ನೊಂದು ರೊಟ್ಟಿ ಹಾಕ್ರಿ" ಎಂದಳು. ಅಲ್ಲಿಯವರೆಗೆ ಅವಳು ನನಗೆ ಒಮ್ಮೆಯೂ "ರಿ" ಹಚ್ಚಿ ಮಾತಾಡಿರಲಿಲ್ಲ.

ಈಗ ಅವಳಿಗೆ ಹದಿಮೂರು. ಅಕ್ಕನಿಗೆ ಎದುರು ಮಾತಾಡುತ್ತಾಳೆ, ಸಿಟ್ಟು ಬಂದರೆ ಬಾಗಿಲು ದಢಾರನೆ ಹಾಕುತ್ತಾಳಂತೆ. ನನ್ನ ಜೊತೆ ಎಂದೂ ಜಗಳಾಡುವುದಿಲ್ಲ.