ಭಾವನಿಗೆ ಕೊಟ್ಟ ವಾಚು
೧೯೮೬ರಲ್ಲಿ, ಏಳನೆಯ ತರಗತಿಗೇ ಶಾಲೆ ಬಿಟ್ಟೆ. ವಾಚು ರಿಪೇರಿಯೇ ಅನ್ನವಾಯಿತು. ೨೦೦೪ರಲ್ಲಿ ತಂಗಿಯ ಮದುವೆಗೆಂದು, ದುಬಾರಿ ವಿದೇಶಿ ವಾಚಿನಂತೆಯೇ ಕಾಣುವ ಆಟೋಮ್ಯಾಟಿಕ್ ವಾಚೊಂದನ್ನು ನಾನೇ ಬಿಡಿಭಾಗ ಕೂಡಿಸಿ ಜೋಡಿಸಿದೆ. ಅಂಕೋಲೆಯಲ್ಲಿ ಗುಮಾಸ್ತನಾಗಿದ್ದ ಮದುಮಗ ಭಾವ ಅದನ್ನು ನೋಡಿ ಮಂಟಪದಲ್ಲೇ ನಕ್ಕ: "ಏಳನೇ ಕ್ಲಾಸಿನವ್ರ ಕೈಯಲ್ಲಿ ಡುಪ್ಲಿಕೇಟೇ ಬರೂದು!"

ಆದರೂ ಕಟ್ಟಿಕೊಂಡ. ಎರಡು ವರ್ಷಕ್ಕೆ ಲಕ್ವ ಹೊಡೆದು ಅವನ ಎಡಗೈ ಬಿದ್ದುಹೋಯಿತು. ತಂಗಿ ಕಾರವಾರದ ನನ್ನ ಅಂಗಡಿಗೆ ಬಂದು ವಾಚನ್ನು ನನ್ನ ಮುಂದಿಟ್ಟಳು.

"ಅಣ್ಣಾ, ಇದು ದಿನಾ ನಿಂತೋಗ್ತದೆ. ಅವ್ರು ಇದನ್ನೇ ನೋಡ್ತಾ ಅಳ್ತಾರೆ."

ಬಲಗೈಗೆ ಕಟ್ಟು ಎಂದಿದ್ದರೆ ಸಾಕಿತ್ತು. ಗಿರಾಕಿಗಳ ಎದುರೇ ಅಂದೆ: "ಕೈ ಆಡಿದ್ರೆ ಮಾತ್ರ ಓಡೂದು ಇದು. ಡುಪ್ಲಿಕೇಟು ಯಾವ್ದು, ವಾಚೋ ಕೈಯೋ, ಕೇಳು ನಿನ್ನ ಗಂಡಂಗೆ."

ವಾಚನ್ನು ಅಲ್ಲೇ ಬಿಟ್ಟು ಹೋದವಳು ಮತ್ತೆ ಬರಲಿಲ್ಲ.

ಈಗ ನನಗೆ ಅಂಗಡಿ ಒಂದು, ಹಬ್ಬುವಾಡದಲ್ಲಿ ಮನೆ ಒಂದು, ಗಂಡುಮಕ್ಕಳು ಇಬ್ಬರು. ಮನೆಗೆ ಬರುವ ತಂಗಿ ಇಲ್ಲ.